ಗಾಡಿ ಇನ್ನೂ ವಾರಂಟಿಯಲ್ಲಿದೆ, ಎಂಜಿನ್‌ನಿಂದ ಏನೋ ಸದ್ದು: ಎಲ್ಲಿಂದ ಶುರು ಮಾಡೋದು?

ನನ್ನ ಗಾಡಿಗೆ ಆಗ 14 ತಿಂಗಳು. ಮೀಟರ್ 17 ಸಾವಿರ ದಾಟಿತ್ತು, ಅಷ್ಟೇ. ಒಂದು ದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಗರ್ರ್ ಅಂತ ಸದ್ದು ಬಂತು. ತಗಡಿನ ಡಬ್ಬಿಗೆ ನಾಲ್ಕು ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ. ಎರಡೇ ಸೆಕೆಂಡ್. ಆಮೇಲೆ ಇಡೀ ದಿನ ಗಾಡಿ ತೆಪ್ಪಗೆ ಓಡಿತು. ಮಾರನೇ ದಿನ ಬೆಳಿಗ್ಗೆ ಮತ್ತೆ ಅದೇ ಗರ್ರ್.

ಸರ್ವಿಸ್ ಸೆಂಟರ್ ಮನೆಯಿಂದ 9 ಕಿಲೋಮೀಟರ್. ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಎಂಜಿನ್ ಬಿಸಿಯಾಗಿ, ಸದ್ದು ಬರುವ ಮಾತೇ ಇರಲಿಲ್ಲ. ಅಡ್ವೈಸರ್ ಬಾನೆಟ್ ಎತ್ತಿ, ಎರಡು ಸಲ ಆಕ್ಸಿಲರೇಟರ್ ಕೊಟ್ಟು ನೋಡಿ, "ಏನೂ ಇಲ್ವಲ್ಲ ಸರ್, ಮೂರು ಸಿಲಿಂಡರ್ ಗಾಡಿ ಅಲ್ವಾ, ಸ್ವಲ್ಪ ಹಂಗೇ ಇರತ್ತೆ" ಅಂದರು. ಗಾಡಿ ತೊಳೆದು ಕೊಟ್ಟರು. ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ಅದೇ ಮಾತು, ಮತ್ತೆ ತೊಳೆದು ಕೊಟ್ಟರು. ಮೂರನೇ ಸಲ ಸಂಜೆ 6 ಗಂಟೆಗೆ ಹೋಗಿ ಕೀಲಿ ಕೈಗಿಟ್ಟು, "ರಾತ್ರಿ ಇಲ್ಲೇ ಇರಲಿ, ಬೆಳಿಗ್ಗೆ ನಿಮ್ಮ ಮೆಕ್ಯಾನಿಕ್ ಎದುರಿಗೇ ಮೊದಲ ಸ್ಟಾರ್ಟ್ ಆಗಲಿ, ಅಲ್ಲಿವರೆಗೆ ಯಾರೂ ಮುಟ್ಟಬೇಡಿ" ಅಂತ ಹೇಳಿ ಆಟೋ ಹಿಡಿದು ಮನೆಗೆ ಬಂದೆ. ಬೆಳಿಗ್ಗೆ 9 ಗಂಟೆಗೆ ಫೋನ್. "ಸರ್, ಕೇಳಿಸ್ತು."

ಎಂಜಿನ್ ಒಳಗೆ ವಾಲ್ವ್‌ಗಳನ್ನು ತಾಳಕ್ಕೆ ಸರಿಯಾಗಿ ಓಡಿಸುವ ಟೈಮಿಂಗ್ ಚೈನ್ ಅಂತ ಒಂದಿದೆ, ಅದನ್ನು ಬಿಗಿಯಾಗಿಡುವ ಟೆನ್ಷನರ್ ಕೈಕೊಟ್ಟಿತ್ತು. ವಾರಂಟಿಯಲ್ಲೇ ಬದಲಾಯಿತು, ಒಂದು ಪೈಸೆ ಖರ್ಚಿಲ್ಲ. ಆದರೆ ಸುಮ್ನೆ ಎರಡು ತಿಂಗಳು ಹೋಗಿತ್ತು. ಹಾಗಂತ ಅವರು ಸುಳ್ಳು ಹೇಳಿರಲಿಲ್ಲ. ಅವರಿಗೆ ನಿಜವಾಗಿಯೂ ಕೇಳಿಸಿರಲಿಲ್ಲ, ಕೇಳಿಸದ ಸದ್ದಿಗೆ ಯಾವ ಕಂಪನಿಯೂ ಪಾರ್ಟ್ ಕೊಡುವುದಿಲ್ಲ. ವಾರಂಟಿ ಗಾಡಿಯಲ್ಲಿ ನಮ್ಮ ಪಾಲಿನ ಕೆಲಸ ರಿಪೇರಿ ಅಲ್ಲ. ಸದ್ದು ಯಾವಾಗ ಬರುತ್ತದೆ, ಏನು ಮಾಡಿದರೆ ನಿಲ್ಲುತ್ತದೆ ಅನ್ನೋದನ್ನು ಹಿಡಿದು ಅದನ್ನು ಅವರ ಕಿವಿಗೆ ಹಾಕೋದು. ಕೆಳಗೆ ಬರೆದಿರೋದೆಲ್ಲ ಅದಕ್ಕೇ. ಯಾವುದಕ್ಕೂ ಸ್ಪ್ಯಾನರ್ ಬೇಕಿಲ್ಲ, ಹಿಡಿಯಲೂಬೇಡಿ.

ಮೊದಲು ಇದು ಓದಿ: ಯಾವಾಗ ಪರೀಕ್ಷೆ ಗಿರೀಕ್ಷೆ ಎಲ್ಲ ಬಿಟ್ಟು ನಿಲ್ಲಿಸಬೇಕು

ಕೆಂಪು ಬಣ್ಣದ ಎಣ್ಣೆ ಡಬ್ಬಿಯ ಲೈಟು ಹತ್ತಿದರೆ ತಕ್ಷಣ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಅದು ಎಣ್ಣೆ ಸ್ವಲ್ಪ ಕಮ್ಮಿ ಇದೆ ಅಂತ ಹೇಳುವ ಲೈಟಲ್ಲ, ಎಣ್ಣೆಯ ಒತ್ತಡವೇ ಇಲ್ಲ ಅಂತ ಹೇಳುವ ಲೈಟು. "ಇನ್ನೆರಡು ಕಿಲೋಮೀಟರ್, ಬಂಕ್‌ವರೆಗೆ ಹೋಗ್ಬಿಡೋಣ" ಅಂತ ಹೋದವರ ಎಂಜಿನ್ ಜಾಮ್ ಆಗಿ ನಿಂತದ್ದೂ ಇದೆ. ಟೆಂಪರೇಚರ್ ಕೆಂಪಾದರೂ ಅಷ್ಟೇ. ನಿಲ್ಲಿಸಿ, ಬಿಸಿ ರೇಡಿಯೇಟರ್‌ನ ಮುಚ್ಚಳ ಮಾತ್ರ ಮುಟ್ಟಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಹಳದಿ ಎಂಜಿನ್ ಲೈಟು ಸುಮ್ನೆ ಹತ್ತಿಕೊಂಡಿದ್ದರೆ ಮೆಲ್ಲಗೆ ಸರ್ವಿಸ್ ಸೆಂಟರ್‌ಗೆ ಓಡಿಸಬಹುದು. ಅದೇ ಲೈಟು ಮಿಣಮಿಣ ಅಂತ ಹತ್ತಿ ಆರುತ್ತಿದ್ದರೆ ಎಂಜಿನ್ ಮಿಸ್ ಹೊಡೆಯುತ್ತಿದೆ, ಹಾಗೇ ಓಡಿಸಿದರೆ ಸೈಲೆನ್ಸರ್ ಸಾಲಿನಲ್ಲಿರುವ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು.

ಇನ್ನು ಬಾನೆಟ್ ಎತ್ತಿ ಕಿವಿ ಕೊಡುವವರಿಗೆ. ಶಾಲು, ದುಪಟ್ಟಾ, ಕುತ್ತಿಗೆಯ ಸರ, ಪಂಚೆಯ ತುದಿ, ಯಾವುದೂ ನೇತಾಡಬಾರದು. ರೇಡಿಯೇಟರ್ ಫ್ಯಾನು ಎಂಜಿನ್ ಆಫ್ ಇದ್ದರೂ ತಾನಾಗಿ ತಿರುಗಬಹುದು, ಹಾಗಾಗಿ ಬೆರಳು ದೂರ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್ ಅಥವಾ ಪಾರ್ಕ್‌ನಲ್ಲಿರಲಿ. ಮುಚ್ಚಿದ ಗ್ಯಾರೇಜಿನಲ್ಲಿ, ಗಾಳಿಯಾಡದ ಬೇಸ್‌ಮೆಂಟಿನಲ್ಲಿ ಎಂಜಿನ್ ಓಡಿಸಿಕೊಂಡು ಪರೀಕ್ಷೆ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆ ಸುತ್ತಿದಾಗಲೇ ಗೊತ್ತಾಗೋದು. ಜಾಕ್ ಹಾಕಿ ಗಾಡಿ ಕೆಳಗೆ ತೂರುವ ಸಾಹಸವಂತೂ ಬೇಡವೇ ಬೇಡ.

ಸದ್ದು ಎಂಜಿನ್‌ದೇ ಹೌದಾ?

ಅರ್ಧಕ್ಕರ್ಧ ಜನ ಎಡವೋದು ಇಲ್ಲೇ. ಖರ್ಚಿಲ್ಲದ ಪರೀಕ್ಷೆ ಒಂದಿದೆ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ, ಮೆಲ್ಲಗೆ ಆಕ್ಸಿಲರೇಟರ್ ಒತ್ತಿ 2,000 ಆರ್‌ಪಿಎಂವರೆಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ತನ್ನಿ. ಎಂಜಿನ್ ಏರಿದ ಹಾಗೆ ಸದ್ದೂ ಏರಿದರೆ ಅದು ಎಂಜಿನ್ ಅಥವಾ ಅದಕ್ಕೆ ಅಂಟಿಕೊಂಡಿರುವ ಯಾವುದೋ ಸಾಮಾನು. ನಿಂತಲ್ಲಿ ಏನೂ ಬರಲಿಲ್ಲ, ಓಡುವಾಗ ಮಾತ್ರ ಬರುತ್ತದೆ ಅಂದರೆ, ಗಾಡಿ ಓಡಾಟ ಇಲ್ಲದ ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ ಗೇರ್ ಬದಲಿಸಿ ನೋಡಿ. 50ರಲ್ಲಿ ಮೂರನೇ ಗೇರ್, ಅದೇ 50ರಲ್ಲಿ ನಾಲ್ಕನೇ ಗೇರ್. ಎಂಜಿನ್ ಇಳಿದರೂ ಸದ್ದು ಅಷ್ಟೇ ಇದ್ದರೆ ಅದು ಚಕ್ರದ ಕಡೆಯದ್ದು, ಟೈರು ಅಥವಾ ವೀಲ್ ಬೇರಿಂಗ್. ವೇಗದ ಜೊತೆ ಗುಂಯ್ ಅಂತ ಏರುತ್ತಾ, ಬಲಕ್ಕೆ ತಿರುಗಿಸಿದಾಗ ಜಾಸ್ತಿಯಾಗಿ ಎಡಕ್ಕೆ ತಿರುಗಿಸಿದಾಗ ಕಮ್ಮಿಯಾದರೆ ಎಡಗಡೆ ಬೇರಿಂಗ್ ಮೇಲೆ ಅನುಮಾನ ಪಡಬೇಕು, ಯಾಕಂದರೆ ತಿರುಗುವಾಗ ಭಾರ ಹೊರಗಿನ ಚಕ್ರದ ಮೇಲೆ ಬೀಳುತ್ತದೆ.

ಎರಡನೆಯದು ಎಸಿ. ಆನ್ ಮಾಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿ. ಸದ್ದು ಅದರ ಜೊತೆ ಬಂದು ಹೋದರೆ ಕಂಪ್ರೆಸರ್ ಅಥವಾ ಬೆಲ್ಟ್ ಕಡೆಗೆ ದಾರಿ ಸಿಕ್ಕಿತು. ಎಸಿ ಹಾಕಿದಾಗ ಒಂದು ಟಕ್, ಐಡಲ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವ ವೇಗ) ಸ್ವಲ್ಪ ಏರೋದು, ಇದು ಮಾಮೂಲು.

ಮೂರನೆಯದು ಎಣ್ಣೆ. ಸಮತಟ್ಟು ಜಾಗದಲ್ಲಿ, ಎಂಜಿನ್ ಆಫ್ ಮಾಡಿ ಒಂದು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆಯಿರಿ, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆಯಿರಿ. ಎಣ್ಣೆ ಎರಡು ಗುರುತಿನ ಮಧ್ಯೆ ಇರಬೇಕು. ಕೆಳಗಿನ ಗುರುತಿಗಿಂತ ಕೆಳಗಿದ್ದರೆ ಎಷ್ಟೋ ಟಿಕ್‌ಟಿಕ್, ಕಟಕಟ ಸದ್ದುಗಳಿಗೆ ಅದೇ ಉತ್ತರ. ಆದರೆ ಕೂಡಲೇ ಓಡಿಹೋಗಿ ಎಣ್ಣೆ ಸುರಿಯಬೇಡಿ. ಮೊದಲು ಡಿಪ್‌ಸ್ಟಿಕ್‌ನ ಫೋಟೋ, ಜೊತೆಗೆ ಮೀಟರ್‌ನ ಫೋಟೋ ತೆಗೆದುಕೊಳ್ಳಿ. ಹೊಸ ಗಾಡಿ ಎಣ್ಣೆ ಕುಡಿಯುತ್ತಿದ್ದರೆ ಅದೇ ಒಂದು ವಾರಂಟಿ ದೂರು, ತುಂಬಿಸಿದ ಮೇಲೆ ಸಾಕ್ಷಿ ಇರುವುದಿಲ್ಲ. ಮೇಲಿನ ಗುರುತು ದಾಟಿದ್ದರೂ ತೊಂದರೆಯೇ. ಡೀಸೆಲ್ ಗಾಡಿಯಲ್ಲಿ ಯಾರೂ ಹಾಕದೆ ಎಣ್ಣೆ ಏರಿದ್ದರೆ ಡೀಸೆಲ್ಲೇ ಎಣ್ಣೆಗೆ ಸೇರುತ್ತಿರಬಹುದು. ಊರೊಳಗೇ ಓಡಿ ಓಡಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತನ್ನೊಳಗಿನ ಮಸಿ ಸರಿಯಾಗಿ ಸುಟ್ಟುಕೊಳ್ಳದ ಗಾಡಿಗಳಲ್ಲಿ ಹೀಗಾಗುತ್ತದೆ.

ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಮಾತ್ರ ಬರುವ ಸದ್ದು

ನನ್ನ ಗಾಡಿಯ ಕಥೆ ಇದೇ ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎಣ್ಣೆ ಇಳಿದು ತಳ ಸೇರಿರುತ್ತದೆ. ಸ್ಟಾರ್ಟ್ ಮಾಡಿದಾಗ ಪಂಪು ಅದನ್ನು ಮೇಲಕ್ಕೆ ತಳ್ಳಲು ಒಂದು ಗಳಿಗೆ ಬೇಕು. ಆ ಗಳಿಗೆಯಲ್ಲಿ ವಾಲ್ವ್‌ಗಳ ಕಡೆಯಿಂದ ಟಿಕ್‌ಟಿಕ್ ಅಂತ ಬಂದು ಎರಡು ಮೂರು ಸೆಕೆಂಡಿಗೆ ನಿಂತರೆ, ಅದೂ ವಾರಕ್ಕೊಂದು ಸಲ, ಗಾಡಿ ನಾಲ್ಕು ದಿನ ನಿಂತ ಮೇಲೆ ಬಂದರೆ, ನಾನಾದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಬರೆದಿಟ್ಟುಕೊಂಡು ಸುಮ್ಮನಿರುತ್ತೇನೆ.

ಟಿಕ್‌ಟಿಕ್ ಬೇರೆ, ಗರ್ರ್ ಬೇರೆ. ಸರಪಳಿ ಕುಲುಕಿದ ಹಾಗೆ ಗರಗರ ಅಂದರೆ ಅದು ಟೈಮಿಂಗ್ ಚೈನ್ ಇರಬಹುದು. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ತುಂಬಾ ಗಾಡಿಗಳಲ್ಲಿ ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಅದರೊಳಗಿನ ಎಣ್ಣೆ ರಾತ್ರಿ ಸೋರಿಹೋದರೆ, ಒತ್ತಡ ಬರುವವರೆಗೆ ಚೈನು ಸಡಿಲವಾಗಿ ಬಡಿದಾಡುತ್ತದೆ. ನನ್ನ ಗಾಡಿಗೆ ಅವರು ಮೊದಲು ಎಣ್ಣೆ ಮತ್ತು ಫಿಲ್ಟರ್ ಬದಲಿಸಿದರು. ಅದು ಸರಿಯಾದ ಕ್ರಮವೇ, ಯಾಕಂದರೆ ಫಿಲ್ಟರ್‌ನಲ್ಲೂ ಎಣ್ಣೆ ವಾಪಸ್ ಇಳಿಯದ ಹಾಗೆ ಒಂದು ವಾಲ್ವ್ ಇರುತ್ತದೆ, ಅದು ಕೆಟ್ಟರೂ ಇದೇ ಸದ್ದು ಬರುತ್ತದೆ. ಒಂದು ವಾರ ಸುಮ್ಮನಿದ್ದ ಗರ್ರ್ ಮತ್ತೆ ಬಂತು, ಆಮೇಲೆ ಟೆನ್ಷನರ್‌ಗೆ ಕೈ ಹಾಕಿದರು.

ಸೆಕೆಂಡ್ ಎಣಿಸಿ. ಒಂದು ಸೆಕೆಂಡ್ ಇದ್ದದ್ದು ತಿಂಗಳಲ್ಲಿ ಮೂರು ಸೆಕೆಂಡ್ ಆಗಿದ್ದರೆ, ಅಥವಾ ಎಂಜಿನ್ ಬಿಸಿಯಾದ ಮೇಲೂ ಬರತೊಡಗಿದರೆ ಮುಂದಿನ ಸರ್ವಿಸ್‌ವರೆಗೆ ಕಾಯಬೇಡಿ. ಚೈನ್ ಒಂದು ಹಲ್ಲು ಜಾರಿದರೆ ರಿಪೇರಿ ಸಣ್ಣದಾಗಿ ಮುಗಿಯುವುದಿಲ್ಲ.

ಕೀಂಯ್ ಅಂತ ಚೀರುವುದು

ಮಳೆಗಾಲದ ಬೆಳಿಗ್ಗೆ ಕೀಂಯ್ ಅಂತ ಚೀರಿ ಅರ್ಧ ನಿಮಿಷದಲ್ಲಿ ನಿಂತರೆ ಬೆಲ್ಟಿನ ಮೇಲೆ ತೇವ ಕೂತಿದೆ ಅಷ್ಟೇ. ಒಣಗಿದ ದಿನವೂ ಚೀರಿದರೆ, ಎಸಿ, ಹೆಡ್‌ಲೈಟು, ಫ್ಯಾನು ಎಲ್ಲಾ ಒಟ್ಟಿಗೆ ಹಾಕಿದಾಗ ಜಾಸ್ತಿಯಾದರೆ, ಬೆಲ್ಟು ಜಾರುತ್ತಿದೆ ಅಥವಾ ಅದನ್ನು ಎಳೆದು ಹಿಡಿಯುವ ಪುಲ್ಲಿ ಸೋತಿದೆ. ಚೀರುವ ಬದಲು ಹಕ್ಕಿ ಕೂಗಿದ ಹಾಗೆ ಚಿಂವ್ ಚಿಂವ್ ಅಂತ ಒಂದೇ ತಾಳದಲ್ಲಿ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲದಿರಬಹುದು. ಎಂಜಿನ್ ಆಫ್ ಮಾಡಿ ಟಾರ್ಚ್ ಹಾಕಿ ಬೆಲ್ಟಿನ ಅಂಚು ನೋಡಿ. ನಾರು ಎದ್ದಿದೆಯಾ, ಸೀಳಿದೆಯಾ, ಮೇಲೆ ಎಣ್ಣೆ ಬಿದ್ದಿದೆಯಾ. ಕೆಲವರು ಬೆಲ್ಟಿಗೆ ಸೋಪು ಉಜ್ಜುತ್ತಾರೆ, ಪೌಡರ್ ಹಾಕುತ್ತಾರೆ. ಎರಡು ದಿನ ಸದ್ದು ಅಡಗುತ್ತದೆ ನಿಜ, ಆದರೆ ಸರ್ವಿಸ್ ಸೆಂಟರ್‌ನವರು ಆ ಬಿಳಿ ಪುಡಿ ನೋಡಿದ ಮೇಲೆ ನಿಮ್ಮ ವಾರಂಟಿ ವಾದ ಕೇಳುವುದಿಲ್ಲ. ಬೆಲ್ಟನ್ನೇ ಸವೆಯುವ ಸಾಮಾನು ಅಂತ ಲೆಕ್ಕ ಹಾಕಿ ವಾರಂಟಿಯಿಂದ ಹೊರಗಿಡುವ ಕಂಪನಿಗಳೂ ಇವೆ, ಪುಲ್ಲಿ ಮತ್ತು ಟೆನ್ಷನರ್ ಬಗ್ಗೆ ಬೇರೆಯಾಗಿ ಕೇಳಿ.

ನಿಂತಾಗ ಸದಾ ಟಿಕ್‌ಟಿಕ್

ಈಗಿನ ಪೆಟ್ರೋಲ್ ಎಂಜಿನ್‌ಗಳಲ್ಲಿ, ಅದರಲ್ಲೂ ಸಿಲಿಂಡರ್‌ಗೇ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಟರ್ಬೋ ಎಂಜಿನ್‌ಗಳಲ್ಲಿ, ಇಂಜೆಕ್ಟರ್‌ಗಳು ಹೊಲಿಗೆ ಯಂತ್ರದ ಹಾಗೆ ಸದ್ದು ಮಾಡುತ್ತವೆ. ಅದು ದೋಷ ಅಲ್ಲ. ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಎಂಜಿನ್‌ಗೆ ಬಿಡುವ ಒಂದು ಪುಟ್ಟ ಪರ್ಜ್ ವಾಲ್ವ್ ಇದೆ, ಅದೂ ಟಕ್ ಟಕ್ ಅಂತಿರುತ್ತದೆ, ಬರುತ್ತದೆ, ಹೋಗುತ್ತದೆ. ಅನುಮಾನ ಇದ್ದರೆ ಸುಲಭದ ದಾರಿ ಒಂದಿದೆ. ಸರ್ವಿಸ್ ಸೆಂಟರ್‌ಗೆ ಹೋದಾಗ ಅಂಗಳದಲ್ಲಿ ನಿಂತಿರುವ ನಿಮ್ಮದೇ ಮಾಡೆಲ್‌ನ ಇನ್ನೊಂದು ಗಾಡಿ ಸ್ಟಾರ್ಟ್ ಮಾಡಿ ತೋರಿಸಿ ಅನ್ನಿ. ಎರಡೂ ಒಂದೇ ಥರ ಕೇಳಿಸಿದರೆ ನಿಮಗೂ ಸಮಾಧಾನ. ಬೇರೆ ಕೇಳಿಸಿದರೆ "ಎಲ್ಲಾ ಗಾಡಿನೂ ಹಿಂಗೇ ಸರ್" ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಟಣಟಣ, ಲೊಟಲೊಟ: ಏನೋ ಸಡಿಲಾಗಿದೆ

ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ ಮಾತ್ರ ತಗಡು ನಡುಗಿದ ಹಾಗೆ ಝಣ್ ಅಂತ ಬಂದು, ದಾಟಿದ ಮೇಲೆ ನಿಂತರೆ, ಹತ್ತಕ್ಕೆ ಒಂಬತ್ತು ಸಲ ಅದು ಸೈಲೆನ್ಸರ್ ಪೈಪಿನ ಶಾಖ ತಡೆಯುವ ತಗಡು. ನಮ್ಮ ಹಂಪುಗಳ ಮೇಲೆ ಒಂದೆರಡು ಸಲ ತಳ ತಾಗಿದರೆ ಸಾಕು, ಬೋಲ್ಟ್ ಸಡಿಲಾಗುತ್ತದೆ. ಸದ್ದು ಮಾತ್ರ ಎಂಜಿನ್ನೇ ಬಿಚ್ಚಿಕೊಂಡು ಬೀಳುತ್ತದೇನೋ ಅನ್ನುವ ಹಾಗಿರುತ್ತದೆ. ಸರ್ವಿಸ್ ಸೆಂಟರ್‌ನಲ್ಲಿ ಐದು ನಿಮಿಷದ ಕೆಲಸ.

ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಗಾರ್ಡ್ ಇನ್ನೊಂದು. ತೀರ್ಥಹಳ್ಳಿ ಕಡೆ ಇರುವ ನಮ್ಮ ಚಿಕ್ಕಪ್ಪನ ಗಾಡಿಯಲ್ಲಿ ಉಡುಪಿಗೆ ಹೊರಟಿದ್ದೆವು. ಆಗುಂಬೆ ಘಾಟಿ ಇಳಿಯುವಾಗ ಪ್ರತಿ ತಿರುವಿನಲ್ಲೂ ಮುಂದಿನಿಂದ ಲೊಟಲೊಟ. 14 ಹಿಮ್ಮುರಿ ತಿರುವು, 14 ಸಲ ಲೊಟಲೊಟ, ಚಿಕ್ಕಮ್ಮ ದೇವರ ನಾಮ ಹೇಳಲು ಶುರು ಮಾಡಿದ್ದರು. ಕೆಳಗೆ ಸೋಮೇಶ್ವರದಲ್ಲಿ ನಿಲ್ಲಿಸಿ ಆಕ್ಸಿಲರೇಟರ್ ಕೊಟ್ಟರೆ ಚೂರೂ ಸದ್ದಿಲ್ಲ. ಎಂಜಿನ್ ಏರಿದರೆ ಬರಲ್ಲ, ಗಾಡಿ ವಾಲಿದರೆ ಬರತ್ತೆ, ಅಂದರೆ ಏನೋ ಉರುಳಾಡುತ್ತಿದೆ. ಉಡುಪಿಯಲ್ಲಿ ಗಾರ್ಡ್ ಬಿಚ್ಚಿಸಿದೆವು. ಒಳಗೆ ಹನ್ನೊಂದು ಅಡಿಕೆ, ಎಲ್ಲಾ ಸಿಪ್ಪೆ ಸಮೇತ, ಜೊತೆಗೆ ಒಂದು ಹಿಡಿ ಒಣ ಎಲೆ. ಗಾಡಿ ನಿಲ್ಲಿಸುವುದು ಅಡಿಕೆ ಒಣಗಿಸುವ ಅಂಗಳದ ಪಕ್ಕದಲ್ಲೇ ಅಲ್ವಾ. "ರೇಟು ಏರಿದ ಮೇಲೆ ಮಾರೋಣ ಅಂತ ಇಟ್ಟಿರ್ಬೇಕು ಮಾರಾಯ" ಅಂದರು ಚಿಕ್ಕಪ್ಪ. ನಗು ಬಂದಿದ್ದು ಅಲ್ಲಿವರೆಗೆ ಮಾತ್ರ, ಯಾಕಂದರೆ ಇಲಿ ಒಂದು ವೈರಿನ ಸಿಪ್ಪೆಯನ್ನೂ ಸುಲಿದಿತ್ತು. ಇಲಿ ಕಡಿದದ್ದಕ್ಕೆ ವಾರಂಟಿ ಇಲ್ಲ. ಇನ್ಶೂರೆನ್ಸ್‌ನಲ್ಲಿ ಸಿಗುತ್ತದಾ ಅಂತ ಪಾಲಿಸಿ ತೆಗೆದು ನೋಡಬೇಕು.

ಏರಿನಲ್ಲಿ ಕಟಕಟ

ಚಾರ್ಮಾಡಿ ಹತ್ತುವಾಗ, ಗಾಡಿ ತುಂಬಾ ಜನ, ಎಸಿ ಬೇರೆ, ಮೂರನೇ ಗೇರಿನಲ್ಲೇ ಎಳೆಸುತ್ತಿದ್ದೀರಿ, ಆಗ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಕಟಕಟ ಅಂದರೆ ಅದು ನಾಕಿಂಗ್. ಸಿಲಿಂಡರ್ ಒಳಗೆ ಪೆಟ್ರೋಲ್ ಸರಿಯಾದ ಗಳಿಗೆಯಲ್ಲಿ ಹತ್ತಿಕೊಳ್ಳದೆ ಎಲ್ಲೆಲ್ಲೋ ಹತ್ತಿಕೊಳ್ಳುತ್ತಿದೆ. ಒಂದು ಗೇರ್ ಇಳಿಸಿ. ಸದ್ದು ಹೋಯಿತಾ? ಹಾಗಾದರೆ ಗಾಡಿಯದ್ದಲ್ಲ, ನಮ್ಮದೇ ತಪ್ಪು. ಗೇರ್ ಇಳಿಸಿದರೂ ಇದ್ದರೆ, ಈ ಟ್ಯಾಂಕ್ ಮುಗಿದ ಮೇಲೆ ಬೇರೆ ಬಂಕಿನಲ್ಲಿ ಹಾಕಿಸಿ ನೋಡಿ, ಬಿಲ್ ಇಟ್ಟುಕೊಳ್ಳಿ. ಎರಡು ಬಂಕ್ ಬದಲಿಸಿದರೂ ಹೋಗದಿದ್ದರೆ ಸರ್ವಿಸ್ ಸೆಂಟರ್‌ಗೆ ಹೋಗಲೇಬೇಕು.

ಈಗ ಎಲ್ಲಾ ಸದ್ದಿಗೂ ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲ್ ಮೇಲೆ ಗೂಬೆ ಕೂರಿಸುವುದು ಒಂದು ಅಭ್ಯಾಸ ಆಗಿಬಿಟ್ಟಿದೆ. ಮೈಲೇಜ್ ಬಗ್ಗೆ ಬೈಯಿರಿ, ಅದರಲ್ಲಿ ಹುರುಳಿದೆ. ಆದರೆ ಎಥನಾಲ್‌ನ ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣ, ಪೆಟ್ರೋಲ್‌ಗಿಂತ ಜಾಸ್ತಿ, ನಾಕಿಂಗ್ ವಿಷಯದಲ್ಲಿ ಅದು ಸಹಾಯವನ್ನೇ ಮಾಡುತ್ತದೆ. ಕಟಕಟ ಸದ್ದಿಗೆ ಕಾರಣ ಬೇರೆ ಕಡೆ ಹುಡುಕಿ.

ಸೊಂಯ್ ಮತ್ತು ಸಿಳ್ಳೆ

ಟರ್ಬೋ ಗಾಡಿ ಎಳೆಯುವಾಗ ಸಣ್ಣ ಸಿಳ್ಳೆ, ಕಾಲು ತೆಗೆದಾಗ ಫುಸ್ ಅನ್ನುವುದು ಸಹಜ. ನಿನ್ನೆವರೆಗೆ ಕೇಳಿಸದ ಸಿಳ್ಳೆ ಇವತ್ತು ಆಂಬುಲೆನ್ಸ್ ಸೈರನ್ ಥರ ಕೇಳಿಸುತ್ತಿದೆ, ಜೊತೆಗೆ ಎಳೆತ ಕಮ್ಮಿಯಾಗಿದೆ, ಹೊಗೆ ಬರುತ್ತಿದೆ ಅಂದರೆ ಎಲ್ಲೋ ಪೈಪು ಬಿಟ್ಟಿದೆ ಅಥವಾ ಟರ್ಬೋಗೇ ಪೆಟ್ಟು. ಮೊದಲು ನೆನಪು ಮಾಡಿಕೊಳ್ಳಿ, ಮೊನ್ನೆ ಸರ್ವಿಸ್ ಮಾಡಿಸಿದ್ದೀರಾ? ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಸರಿಯಾಗಿ ಹಾಕದೆ ಬಿಟ್ಟರೂ ಸೊಂಯ್ ಅನ್ನುತ್ತದೆ. ಎಂಜಿನ್ ಆಫ್ ಮಾಡಿ ಕ್ಲಿಪ್ ಒತ್ತಿ ನೋಡುವುದಕ್ಕೆ ಏನೂ ಅಡ್ಡಿಯಿಲ್ಲ. ಹೊಗೆ, ಎಣ್ಣೆ ಸೋರಿಕೆ ಇದ್ದರೆ ಮಾತ್ರ ಓಡಿಸಬೇಡಿ.

ಕ್ಲಚ್ ಒತ್ತಿದರೆ ಬದಲಾಗುವ ಸದ್ದು

ನ್ಯೂಟ್ರಲ್‌ನಲ್ಲಿ ನಿಂತು ಕ್ಲಚ್ ಪೂರ್ತಿ ಒತ್ತಿ, ಬಿಡಿ. ಒತ್ತಿದಾಗ ಗುರ್ರ್ ಅಂತ ಶುರುವಾದರೆ ಕ್ಲಚ್ ರಿಲೀಸ್ ಬೇರಿಂಗ್. ಒತ್ತಿದಾಗ ನಿಂತು, ಬಿಟ್ಟಾಗ ಬಂದರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಕಡೆಗೆ ಅನುಮಾನ. ಇದನ್ನು ದೂರಿನಲ್ಲಿ ಹೀಗೇ ಬಿಡಿಸಿ ಹೇಳಿ, ಯಾಕಂದರೆ ಕ್ಲಚ್ ಪ್ಲೇಟ್ ಸವೆದದ್ದಕ್ಕೆ ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ, ಗೇರ್‌ಬಾಕ್ಸ್ ಬೇರಿಂಗಿಗೆ ಕೊಡುತ್ತಾರೆ. ಬರೀ "ಕ್ಲಚ್ ಸದ್ದು" ಅಂತ ಬರೆಸಿದರೆ ಬಿಲ್ ನಿಮ್ಮ ಕೈಗೆ ಬರುತ್ತದೆ.

ಆಫ್ ಮಾಡಿದ ಮೇಲೂ ಸದ್ದು

ಟಿಂಕ್ ಟಿಂಕ್ ಅಂದರೆ ಬಿಸಿ ಪೈಪು ಆರುತ್ತಿದೆ. ಫ್ಯಾನು ತಿರುಗುತ್ತಿದ್ದರೆ ತಿರುಗಲಿ ಬಿಡಿ. ಬಿಎಸ್ 6 ಡೀಸೆಲ್ ಗಾಡಿಯಲ್ಲಿ ಐಡಲ್ ಏರಿ, ಸೈಲೆನ್ಸರ್ ಸದ್ದು ಗಡುಸಾಗಿ, ಸುಟ್ಟ ವಾಸನೆ ಬಂದು, ಆಫ್ ಮಾಡಿದರೂ ಫ್ಯಾನು ಜೋರಾಗಿ ತಿರುಗಿದರೆ ಡಿಪಿಎಫ್ ತನ್ನೊಳಗಿನ ಮಸಿ ಸುಟ್ಟುಕೊಳ್ಳುತ್ತಿತ್ತು, ನೀವು ಮಧ್ಯದಲ್ಲಿ ನಿಲ್ಲಿಸಿದ್ದೀರಿ ಅಷ್ಟೇ. ಡಿಪಿಎಫ್ ಲೈಟು ಬಂದಿದ್ದರೆ ಮ್ಯಾನುಯಲ್‌ನಲ್ಲಿ ಹೇಳಿದ ಹಾಗೆ ಹೈವೇಯಲ್ಲಿ ಒಂದು ಕಾಲು ಗಂಟೆ, ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿ ಬನ್ನಿ.

ಒಳಗಿನಿಂದ ಧಡ್ ಧಡ್

ಸುತ್ತಿಗೆಯಲ್ಲಿ ಬಡಿದ ಹಾಗೆ, ಆಳದಿಂದ, ಎಂಜಿನ್ ಏರಿದಷ್ಟೂ ಬಡಿತವೂ ಬೇಗ ಬೇಗ. ಇದು ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಇರಬಹುದು. ಇಲ್ಲಿ ಪರೀಕ್ಷೆ ಇಲ್ಲ, "ಇನ್ನೊಂದ್ಸಲ ರೇಸ್ ಮಾಡಿ ನೋಡೋಣ" ಅನ್ನೋದೂ ಇಲ್ಲ. ಆಫ್ ಮಾಡಿ, ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಮಾಡಿ, ಗಾಡಿ ಹೊತ್ತೊಯ್ಯುವ ಲಾರಿ ಕರೆಸಿ. ಸದ್ದು ಬಂದ ಮೇಲೂ ಓಡಿಸಿ ಹಾನಿ ಹೆಚ್ಚಾದರೆ ಆ ಹೆಚ್ಚಿನ ಹಾನಿಗೆ ವಾರಂಟಿ ಇಲ್ಲ ಅಂತ ವಾರಂಟಿ ಪುಸ್ತಕದಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ.

ನಿಂತ ನೀರಿನಲ್ಲಿ ಗಾಡಿ ಆಫ್ ಆದರೂ ಇದೇ ಮಾತು. ಬೆಂಗಳೂರಿನ ಅಂಡರ್‌ಪಾಸಿನಲ್ಲಿ ಮಳೆಗೆ ಸಿಕ್ಕಿಹಾಕಿಕೊಂಡು ಮತ್ತೆ ಮತ್ತೆ ಸ್ಟಾರ್ಟ್ ಬಟನ್ ಒತ್ತುವವರನ್ನು ನೋಡಿದ್ದೇನೆ. ಸಿಲಿಂಡರಿಗೆ ನೀರು ಹೋಗಿದ್ದರೆ ಆ ಒಂದು ಸ್ಟಾರ್ಟ್‌ಗೆ ರಾಡ್ ಬಗ್ಗಬಹುದು. ಇದು ವಾರಂಟಿಗೆ ಬರುವುದಿಲ್ಲ, ಇನ್ಶೂರೆನ್ಸ್‌ನಲ್ಲೂ ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಇಲ್ಲದಿದ್ದರೆ ಕಷ್ಟ.

ಸದ್ದನ್ನು ಅವರ ಕಿವಿಗೆ ಹಾಕುವುದು

ಮೊದಲು ಒಂದು ವಾರ ಬರೆದಿಡಿ. ನಾನು ಬರೆದದ್ದು ಹೀಗಿತ್ತು: "ಮಂಗಳವಾರ ಬೆಳಿಗ್ಗೆ 6:40. 11 ತಾಸು ನಿಂತಿತ್ತು. ಎಸಿ ಆಫ್. ಸ್ಟಾರ್ಟ್ ಆದ ತಕ್ಷಣ 2 ಸೆಕೆಂಡ್ ಗರ್ರ್. ಮೀಟರ್ 17,210. ಸಂಜೆ 3 ತಾಸು ನಿಂತ ಮೇಲೆ ಸ್ಟಾರ್ಟ್ ಮಾಡಿದಾಗ ಇಲ್ಲ." ಇಷ್ಟೇ. ಕೊನೆಯ ವಾಕ್ಯವನ್ನು ಜನ ಬರೆಯುವುದೇ ಇಲ್ಲ, ಆದರೆ ಮೆಕ್ಯಾನಿಕ್‌ಗೆ ಅದೇ ಜಾಸ್ತಿ ಉಪಯೋಗ.

ವಿಡಿಯೋ ತೆಗೆಯುವಾಗ ಸ್ಟಾರ್ಟ್ ಮಾಡುವ ಮೊದಲೇ ರೆಕಾರ್ಡಿಂಗ್ ಆನ್ ಆಗಿರಲಿ, ಮೊದಲು ಮೀಟರ್ ತೋರಿಸಿ. ಬಾನೆಟ್ ಮುಂದೆ ನಿಂತು ತೆಗೆಯುವುದಾದರೆ ಸ್ಟಾರ್ಟ್ ಮಾಡಲು ಮನೆಯವರು ಯಾರನ್ನಾದರೂ ಕೂರಿಸಿ. ಹಾಡು ಹಾಕಿಕೊಂಡು, ಮಾತಾಡಿಕೊಂಡು ತೆಗೆದ ವಿಡಿಯೋದಿಂದ ಏನೂ ಪ್ರಯೋಜನ ಇಲ್ಲ.

ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುವ, ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ತೋರಿಸುವ ಒಬಿಡಿ ಸ್ಕ್ಯಾನರ್ ಇದ್ದರೆ ಕೋಡ್ ಓದಿ, ಫೋಟೋ ತೆಗೆದಿಡಿ. ಪಿ0300 ಅಂದರೆ ಮಿಸ್‌ಫೈರ್, ಪಿ0016 ಅಂದರೆ ಕ್ರ್ಯಾಂಕ್ ಮತ್ತು ವಾಲ್ವ್ ತೆರೆಯುವ ಕ್ಯಾಮ್ ತಾಳ ತಪ್ಪಿದೆ, ಚೈನ್ ಅನುಮಾನಕ್ಕೆ ಅದು ಒಳ್ಳೆ ಸಾಕ್ಷಿ. ಆದರೆ ಕೋಡ್ ಅಳಿಸಬೇಡಿ. ದೋಷ ಬಂದ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಆರ್‌ಪಿಎಂ ಇತ್ತು ಅನ್ನುವ ದಾಖಲೆಯೂ ಅದರ ಜೊತೆ ಅಳಿಸಿಹೋಗುತ್ತದೆ.

ಸರ್ವಿಸ್ ಸೆಂಟರ್‌ನಲ್ಲಿ ಜಾಬ್ ಕಾರ್ಡ್ (ನಿಮ್ಮ ದೂರು ದಾಖಲಾಗುವ ಕಾಗದ) ಟೈಪ್ ಮಾಡುವಾಗ ಪಕ್ಕದಲ್ಲೇ ನಿಂತಿರಿ. "ಎಂಜಿನ್ ನಾಯ್ಸ್ ಚೆಕ್" ಅಂತ ಮೂರು ಪದ ಹೊಡೆದು ಮುಗಿಸುತ್ತಾರೆ. "8 ಗಂಟೆಗಿಂತ ಹೆಚ್ಚು ನಿಂತ ಮೇಲೆ ಮೊದಲ ಸ್ಟಾರ್ಟ್‌ಗೆ ಗರಗರ, 2 ಸೆಕೆಂಡ್" ಅಂತ ಹಾಕಿಸಿ. ಓಡುವಾಗ ಬರುವ ಸದ್ದಾದರೆ ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಓಡಿಸಿ, ಯಾಕಂದರೆ ಯಾವ ಗೇರಿನಲ್ಲಿ, ಎಷ್ಟು ಕಾಲು ಒತ್ತಿದರೆ ಅದು ಬರುತ್ತದೆ ಅಂತ ನಿಮ್ಮ ಕಾಲಿಗೆ ಗೊತ್ತು. ಏನೂ ಸಿಗಲಿಲ್ಲ ಅಂದರೆ, ಸಿಗಲಿಲ್ಲ ಅಂತಲೇ ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿ ತೆಗೆದುಕೊಳ್ಳಿ. ಬಾಯಿಮಾತಿನ "ನಾರ್ಮಲ್ ಸರ್" ಆರು ತಿಂಗಳಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ವಾರಂಟಿ ಮುಗಿದ ಮೇಲೆ ಪಾರ್ಟ್ ಒಡೆದರೆ, ದೂರು ವಾರಂಟಿಯ ಒಳಗೇ ಬಂದಿತ್ತು ಅಂತ ತೋರಿಸಲು ಆ ಕಾಗದ ಒಂದೇ ಇರೋದು.

ಅಲ್ಲಿವರೆಗೆ ಹೊರಗಿನ ಗ್ಯಾರೇಜಿನಲ್ಲಿ ಏನನ್ನೂ ಬಿಚ್ಚಿಸಬೇಡಿ. ನಂಬಿಕೆಯ ಮೆಕ್ಯಾನಿಕ್ ಇದ್ದರೆ ಕಿವಿ ಕೊಟ್ಟು ಕೇಳಲಿ, ಅಭಿಪ್ರಾಯ ಹೇಳಲಿ, ಅಷ್ಟು ಸಾಕು. ಲೈಟು, ಹಾರ್ನು, ಸ್ಪೀಕರ್ ಅಂತ ಕಂಪನಿಯ ವೈರ್ ಕತ್ತರಿಸಿ ಜೋಡಿಸಿದ್ದರೆ ಆ ಕಡೆಯ ದೂರಿಗೆ ಮೊದಲು ಅದನ್ನೇ ತೋರಿಸುತ್ತಾರೆ, ತಯಾರಾಗಿ ಹೋಗಿ. ಸರ್ವಿಸ್ ಬಿಲ್ಲುಗಳು ತಾರೀಕಿನ ಪ್ರಕಾರ ಒಂದು ಫೈಲಿನಲ್ಲಿರಲಿ.

ಮೂರು ಸಲ ಹೋಗಿ ಬಂದರೂ ಆಗಲಿಲ್ಲವೆಂದರೆ ವರ್ಕ್ಸ್ ಮ್ಯಾನೇಜರ್, ಆಮೇಲೆ ಕಂಪನಿಯ ಕಸ್ಟಮರ್ ಕೇರ್‌ಗೆ ಈಮೇಲ್, ಜಾಬ್ ಕಾರ್ಡ್ ಮತ್ತು ವಿಡಿಯೋ ಜೊತೆಗೆ. ಏರಿಯಾ ಎಂಜಿನಿಯರ್ ಬಂದು ನೋಡಲಿ ಅಂತ ಕೇಳಿ. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಗಾಡಿ ಕೊಂಡ ಊರಿಗೆ ಅಲೆಯಬೇಕಿಲ್ಲ. ತಕರಾರು ಹುಟ್ಟಿದ 2 ವರ್ಷದೊಳಗೆ ಕೊಡಬೇಕು.

ರಿಪೇರಿ ಆಗಿ ಗಾಡಿ ಕೈಗೆ ಬಂದರೆ, ಬದಲಿಸಿದ ಪಾರ್ಟ್‌ನ ಹೆಸರು ಬಿಲ್ಲಿನಲ್ಲಿ ಇದೆಯಾ ನೋಡಿ, ಸೊನ್ನೆ ರೂಪಾಯಿ ಬಿಲ್ಲಾದರೂ ಬೇಕು. ಆ ರಾತ್ರಿ ಹಳೇ ವಿಡಿಯೋ ತೆಗೆದ ಜಾಗದಲ್ಲೇ ಗಾಡಿ ನಿಲ್ಲಿಸಿ. ಬೆಳಿಗ್ಗೆ ಅದೇ ಹೊತ್ತಿಗೆ, ಫೋನ್ ಅದೇ ಕಡೆ ಹಿಡಿದು, ಇನ್ನೊಂದು ವಿಡಿಯೋ ತೆಗೆಯಿರಿ.